ಕಪ್ಪು ಕಣ

"ತಡೀರಿ ಸರ್, ಒತ್ತಬ್ಯಾಡ್ರಿ!"

ಲೇಖನ ಕಳುಹಿಸುವ ಗುಂಡಿಯ ಮೇಲೆ ಡಾ. ಹಾದಿಮನಿಯವರ ಬೆರಳು ಹಾಗೇ ನಿಂತಿತು. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಶಿವಕಾಂತಾ, ನಿಗಡಿ ಊರಿನ ತನ್ನ ಬಾಡಿಗೆ ಖೋಲಿಯ ಕಪಾಟಿನ ಬಾಗಿಲಿನಿಂದ ಕಿತ್ತು ತಂದಿದ್ದ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಪುಣೆಯ ಪ್ರಯೋಗಾಲಯದಲ್ಲಿ ಅಳತೆ ಮುಗಿಸಿ ಬಂದಿದ್ದ, ಡಿಸ್ಪ್ರೋಸಿಯಂ ಎಂಬ ಲೋಹದ ಸಂಯುಕ್ತದ ಪುಟ್ಟ ಕ್ಯಾಪ್ಸೂಲು. ಇಂಥ ಅಣುಗಳು ಕೊರೆಯುವ ತಂಪಿನಲ್ಲಷ್ಟೇ ಕಾಂತಗುಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾದಿಮನಿಯವರ ಗ್ರಾಫಿನಲ್ಲಿ ಅದು ಬೇಸಿಗೆಯ ಸೆಕೆಯಷ್ಟು ಬಿಸಿಯಲ್ಲೂ ಉಳಿದಿತ್ತು. ಜಗತ್ತಿನಲ್ಲಿ ಯಾರೂ ಕಾಣದ ಫಲಿತಾಂಶ.

"ಕ್ಯಾಪ್ಸೂಲ್ ನೀವ ತುಂಬಿದ್ರಿ ಸರ್. ಪ್ಲಾಸ್ಟಿಕ್ ಚಮಚಾ ಸಿಗಲಿಲ್ಲಂತ ನಿಮ್ಮ ಸ್ಟೀಲಿನ ಚಮಚಾ ತಗೊಂಡಿದ್ರಿ."

ಆ ಚಮಚ ಈಗಲೂ ಅವರ ಅಂಗಿಯ ಜೇಬಿನಲ್ಲಿತ್ತು, ಅಂಚು ಸವೆದಿತ್ತು. ಅವಳು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಕಾಗದದ ಮೇಲೆ ಸುರಿದು, ಕಾಗದವನ್ನೆತ್ತಿ ಅದರಡಿ ಅಯಸ್ಕಾಂತವನ್ನು ಸರಿಸಿದಳು. ಬಿಳಿ ಪುಡಿ ಅಲುಗಲಿಲ್ಲ. ಅದರೊಳಗಿಂದ ಒಂದೇ ಒಂದು ಕಪ್ಪು ಕಣ ಎದ್ದು ನಿಂತು, ಅಯಸ್ಕಾಂತ ಹೋದತ್ತ ತೆವಳಿತು. ಚಮಚದ ಕಬ್ಬಿಣ. ಗ್ರಾಫಿನಲ್ಲಿ ಕಂಡ ಕಾಂತಗುಣ ಅಣುವಿನದಲ್ಲ, ಇದರದು.

ಹಾದಿಮನಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. "ನಿನ್ನ ಥೀಸಿಸ್ ಸುದ್ದಾ ಇದರ ಮ್ಯಾಲೇ ನಿಂತದ, ನೆನಪಿರಲಿ," ಎಂದರು ದನಿ ತಗ್ಗಿಸಿ. "ಮತ್ಯಾರಿಗೂ ಗೊತ್ತಿಲ್ಲಲ್ಲ?"

ಶಿವಕಾಂತಾ ಅಯಸ್ಕಾಂತವನ್ನು ಮತ್ತೊಮ್ಮೆ ಸರಿಸಿದಳು. ಕಾಗದದ ಮೇಲೆ ಆ ಕಣವೂ ಜೊತೆಗೇ ಸರಿಯಿತು.

"ನನಗ ಗೊತ್ತದಲ್ರೀ, ಸರ್."