ಮಲಗಿಸಿದ ಫಲಕ

ಆ ಅಂತರರಾಷ್ಟ್ರೀಯ ವ್ಯಾಪಾರ ಸಭೆಯ ಪದ್ಧತಿ ಸರಳ. ಒಪ್ಪಂದಕ್ಕೆ ಆಕ್ಷೇಪವಿರುವ ದೇಶ ತನ್ನ ಹೆಸರಿನ ಫಲಕವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಒಂದೇ ಒಂದು ಫಲಕ ನಿಂತರೂ ಒಪ್ಪಂದ ಮುರಿದುಬೀಳುತ್ತದೆ.

ಹತ್ತಿ ಬೆಳೆಗೆ ಕೊಡುವ ಸಬ್ಸಿಡಿಯನ್ನು ಎಲ್ಲ ದೇಶಗಳೂ ಒಟ್ಟಿಗೆ ಕೈಬಿಡಲಿ ಎಂದು ತನ್ನ ದೇಶದ ಪ್ರತಿನಿಧಿಯಾಗಿ ಅವನು ಎರಡು ವರ್ಷ ದೇಶ ದೇಶ ಅಲೆದು ಹೆಚ್ಚುಕಡಿಮೆ ಎಲ್ಲರನ್ನೂ ಒಪ್ಪಿಸಿದ್ದ. ಉಳಿದವಳು ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಂದು ದೇಶದ ಪ್ರತಿನಿಧಿ ಒಬ್ಬಳೇ. ಅವಳ ಫಲಕ ಇನ್ನೂ ನಿಂತಿತ್ತು.

"ನಮ್ಮಪ್ಪನೂ ಹತ್ತಿ ಬೆಳೆಯುವವರೇ. ಊರಿಗೆ ಹೋಗಿ ಯಾವ ಮುಖ ತೋರಿಸಲಿ?" ಎಂದಳು.

"ನೀವೊಬ್ಬರೇ ಅಲ್ಲವಲ್ಲ ಮೇಡಂ. ನಾವೂ ಬಿಡ್ತಿದ್ದೇವೆ."

"ಆಮೇಲೆ ಮಾತು ಬದಲಿಸಲ್ಲ ತಾನೆ?"

"ನಾನಿದ್ದೇನಲ್ಲ."

ಅವಳು ನಿಟ್ಟುಸಿರಿಟ್ಟು ಫಲಕವನ್ನು ಮಲಗಿಸಿದಳು. ಒಪ್ಪಂದ ಅಂಗೀಕಾರವಾಯಿತೆಂದು ಮೇಜಿಗೆ ಬಡಿದು ಸಾರಲು ಅಧ್ಯಕ್ಷರು ಸುತ್ತಿಗೆ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಅವನ ಫೋನು ಗುಂಯ್‌ಗುಟ್ಟಿತು. ರಾಜಧಾನಿಯಿಂದ ಮಂತ್ರಿಗಳು.

"ಹೌದು ಸರ್, ಎಲ್ಲರೂ ಒಪ್ಪಿದ್ದಾರೆ. ನಾನೇ ಒಪ್ಪಿಸಿದ್ದು," ಎಂದ ಮೆಲ್ಲಗೆ. ಆಮೇಲೆ ಮಂತ್ರಿಗಳ ಅಪ್ಪಣೆ ಕೇಳಿಸಿಕೊಂಡ. "ಆಗಲಿ ಸರ್."

"ಶಹಬ್ಬಾಸ್ ಅಂದರಾ?" ಎಂದು ಅವಳು ನಕ್ಕಳು.

ಅವಳ ಕಡೆ ನೋಡದೆ ಅವನು ತನ್ನ ಫಲಕವನ್ನು ಎತ್ತಿ ನಿಲ್ಲಿಸಿದ.