ಹೊಳೆಯ ಕುರ್ಚಿ

ಒಹಾಯೋದ ಆ ಊರಿನ ಪುರಸಭೆಯಲ್ಲಿ ಹೊಳೆಗೂ ಒಂದು ಕುರ್ಚಿಯಿತ್ತು. ಊರಿನವರು ಸರದಿಯಂತೆ ಬಂದು ಅದರಲ್ಲಿ ಕೂತು, ಹೊಳೆನೀರಿನ ಬೋಗುಣಿಯಲ್ಲಿ ಕೈಯಿಡುತ್ತಿದ್ದರು. ಆಮೇಲೆ ಅವರ ಬಾಯಿಂದ ಹೊಳೆಯೇ ಮಾತಾಡುತ್ತಿತ್ತು. ಈ ಸಲ ಶಾಲೆಯ ಬಸ್ಸು ಓಡಿಸುವ ಶಾಂತವ್ವನ ಸರದಿ.

“ಅದು ಏನ್ ಹೇಳತೈತೋ ಏನೋ, ನನಗೂ ಕೇಳಬೇಕಂತ ಆಸೆ ಐತ್ರಿ,” ಎಂದು ಗಂಡ ಈರಣ್ಣನಿಗೆ ಹೇಳಿ, ಅವಳು ಬಳೆ ಮೇಲೇರಿಸಿ ನೀರಿಗೆ ಕೈಯಿಟ್ಟಳು.

ಬಣ್ಣದ ಕಾರ್ಖಾನೆಯ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂಬುದು ಅಂದಿನ ಪ್ರಶ್ನೆ. ನಡುವೆ ಕೈ ತೆಗೆದರೆ ಹೊಳೆಯ ಸಾಕ್ಷಿಯೆಲ್ಲ ರದ್ದಾಗಿ ಕಾರ್ಖಾನೆಯೇ ಗೆಲ್ಲುತ್ತಿತ್ತು.

ಹೊಳೆ ಹಳೆಯದರಿಂದ ಶುರುಮಾಡಿತು. ನೂರೈವತ್ತು ವರ್ಷದ ಹಿಂದೆ ಮರ ಕೊಯ್ದವರ ಹೊಟ್ಟು, ಆಮೇಲೆ ಚರ್ಮ ಹದ ಮಾಡಿದವರ ಸುಣ್ಣ, ಈಗ ಕಾರ್ಖಾನೆಯ ಕೊಳವೆಯಿಂದ ಬರುವ ನೇರಳೆ ನೀರು, ಎಲ್ಲವೂ ಶಾಂತವ್ವನ ಬಾಯಿಂದ ಇಸವಿ ಸಮೇತ ಹೊರಬಂದವು. ಅವಳು ಕಣ್ಣರಳಿಸಿ, ಕಥೆ ಕೇಳುವವಳಂತೆ ತನ್ನ ಮಾತನ್ನೇ ಕೇಳುತ್ತಿದ್ದಳು.

“ಹನ್ನೊಂದು ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲಿ ಹಳೇ ಸೇತುವೆಯಿಂದ ಆನೆಮುಖದ ಬೊಂಬೆಯೊಂದು ಬೀಳುತ್ತದೆ. ಅದರ ಬಣ್ಣದಲ್ಲಿ ಸೀಸವಿದೆ. ಮೀನಿನ ಮೊಟ್ಟೆಗಳು ಸಾಯುತ್ತವೆ,” ಎಂದಿತು ಹೊಳೆ.

ಈರಣ್ಣ ದಿಗ್ಗನೆದ್ದು ನಿಂತ. “ಏ ಶಾಂತಾ, ಲಗೂನ ಕೈ ತಗೀ!”

“ಬಿಟ್ಟವರು ಯಾರು?” ಎಂದು ಅಧ್ಯಕ್ಷೆ ಡೊರೋತಿ ಕೇಳಿದಳು.

ಹೊಳೆಗೆ ಬೊಂಬೆ ಗೊತ್ತಿತ್ತು, ಬಿಟ್ಟವರ ಹೆಸರು ಗೊತ್ತಿರಲಿಲ್ಲ.

ಶಾಂತವ್ವ ಕೈ ತೆಗೆಯಲಿಲ್ಲ. ತನ್ನದೇ ದನಿಯಲ್ಲಿ “ನಾನೇ” ಎಂದಳು. ಆಮೇಲೆ ಬೋಗುಣಿಯತ್ತ ಬಗ್ಗಿ ಕೇಳಿದಳು:

“ಮತ್ತೇನೇನ್ ಬಿಟ್ಟೀನಿ? ಎಲ್ಲಾ ಹೇಳಿಬಿಡು ನಮ್ಮವ್ವ.”