ಆರದ ಅರ್ಧ ಗಂಟೆ

“ಮತ್ತೆ ಕಾಯ್ಸಿದ್ರಾ? ಕ್ಲಬ್ ಮುಚ್ಚೋಕೆ ಹತ್ತು ನಿಮಿಷ ಇರೋವಾಗ್ಲೇ ನಿಮಗೆ ಬೆಸುಗೆ ನೆನಪಾಗುತ್ತಲ್ಲ ಸಿರಿಲ್!” ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದ ಗ್ಯಾರೆತ್ ಇನ್ನೊಂದನ್ನು ನೇತಾಡಲು ಬಿಟ್ಟು ರೇಗಿದ.

ಎಂಬತ್ತೊಂದರ ಸಿರಿಲ್ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪುಟಾಣಿ ರೈಲುಹಳಿಯ ಪಕ್ಕದ ಗೇಣುದ್ದ ಸಿಗ್ನಲ್ ಕಂಬ ತೋರಿಸಿದರು. “ತಂತಿ ಸಡಿಲ ಆಗಿತ್ತಪ್ಪ.”

“ಹೋದ ಶನಿವಾರನೂ ಅದೇ ತಂತಿ, ಅದರ ಹಿಂದಿನ ಶನಿವಾರನೂ ಅದೇ. ಇಷ್ಟು ಬೆಸುಗೆ ನನ್ನ ಮದುವೆಗೆ ಹಾಕಿದ್ರೆ ಮೊದಲನೇ ಹೆಂಡ್ತಿ ಬಿಟ್ಟು ಹೋಗ್ತಿರ್ಲಿಲ್ಲ. ಎರಡನೇವಳು ಮೀನು-ಚಿಪ್ಸ್ ಇಟ್ಕೊಂಡು ಹೊರಗೆ ಕಾರಲ್ಲಿ ಕೂತಿದ್ದಾಳೆ. ಅದು ತಣ್ಣಗಾದಷ್ಟೂ ಅವಳು ಬಿಸಿ ಆಗ್ತಾಳೆ!”

ಎರಡು ವರ್ಷದ ಹಿಂದೆ, ಇಂಗ್ಲೆಂಡಿನ ಡರ್ಬಿಯ ಇದೇ ಚರ್ಚ್ ಹಾಲ್‌ನಲ್ಲಿ, ಮಾದರಿ ರೈಲು ಕ್ಲಬ್ಬಿನ ಮಹಾಶಯನೊಬ್ಬ ಐರನ್ ಆಫ್ ಮಾಡಿದ ಕೂಡಲೇ ಮನೆಗೆ ಓಡಿದ್ದ. ಉಳಿದ ಬಿಸಿಗೆ ಥರ್ಮಾಕೋಲ್ ಗುಡ್ಡ ಕರಗಿ, ಅದರ ಮೇಲೆ ಅಂಟಿಸಿದ್ದ ಹುಲ್ಲಿಗೆ ಬೆಂಕಿ ಹತ್ತಿ, ಎರಡು ಸ್ಟೇಷನ್, ಒಂದು ಸೇತುವೆ, ಹನ್ನೊಂದು ಕುರಿ ಬೂದಿಯಾದವು. ನಿಜವಾದ ಕುರಿಗಳಾಗಿದ್ದರೆ ಕ್ಲಬ್ಬು ಅಷ್ಟು ಅಳುತ್ತಿರಲಿಲ್ಲ. ಅಂದಿನಿಂದ ನಿಯಮ: ಕಾಯಿಸಿದವರು ಕಾಯಬೇಕು. ಆಫ್ ಮಾಡಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಜೊತೆಗೆ ಇನ್ನೊಬ್ಬರು ಇರಲೇಬೇಕು. ಇವತ್ತಿನ ಸರದಿ ಗ್ಯಾರೆತ್‌ನದು.

ಸಿರಿಲ್ ಆಗಲೇ ಎರಡು ಕುರ್ಚಿ ಎದುರುಬದುರು ಹಾಕಿ, ತಟ್ಟೆಯಲ್ಲಿ ಎರಡು ಬಿಸ್ಕತ್ತು ಇಟ್ಟಿದ್ದರು. ಮನೆಯಲ್ಲಿ ಅವರ ಜೊತೆ ಮಾತಾಡುವುದು ರೇಡಿಯೋ ಒಂದೇ. ಅದು ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಕ್ಲಬ್ಬಿನಲ್ಲೂ ಎಲ್ಲರ ಮುಖ ರೈಲಿಗೆ, ಬೆನ್ನು ಸಿರಿಲ್‌ಗೆ. ವಾರದಲ್ಲಿ ಒಂದು ಮನುಷ್ಯಮುಖ ಅವರ ಎದುರು ಕೂರುವುದು ಈ ಅರ್ಧ ಗಂಟೆಯಷ್ಟೇ.

“ವೆಂಡೀ!” ಗ್ಯಾರೆತ್ ಕೂಗಿದ. ಕ್ಲಬ್ಬಿನ ಸುರಕ್ಷತೆ ನೋಡಿಕೊಳ್ಳುವ ವೆಂಡಿ, ಮೂಲೆಯ ಸಿಂಕಿನಲ್ಲಿ ಟೀ ಕಪ್ಪು ತೊಳೆಯುತ್ತಿದ್ದವರು, ಕೈ ಒರೆಸಿಕೊಳ್ಳುತ್ತಾ ಬಂದರು. “ಇವರು ಪ್ಲಗ್ ಹಾಕಿದ್ದನ್ನೇ ನಾನು ನೋಡ್ಲಿಲ್ಲ. ನೀವೇ ಮುಟ್ಟಿ ನೋಡಿ. ತಣ್ಣಗಿದ್ರೆ ಈ ಕಾಯೋ ನಾಟಕ ಇವತ್ತಿಗೇ ಬಂದ್. ಬೆಸುಗೆನೇ ಬೇಡ, ತಂತಿ ಜೋಡಿಸೋಕೆ ಕ್ಲಿಪ್ ತರಿಸೋಣ. ಬೆಂಕಿನೂ ಇಲ್ಲ, ಬೋರೂ ಇಲ್ಲ.”

ಸಿರಿಲ್ ಒಂದು ಬಿಸ್ಕತ್ತನ್ನು ತಟ್ಟೆಯ ಅಂಚಿಗೆ ಸರಿಸಿದರು. ಮತ್ತೆ ನಡುವಿಗೆ ತಂದರು.

ವೆಂಡಿ ಬಗ್ಗಿದರು. ಸಿಗ್ನಲ್ ಕಂಬದ ಬುಡದಲ್ಲಿ ಹಳೆಯ ಬೆಸುಗೆ ಹುತ್ತದಂತೆ ಬೆಳೆದಿತ್ತು. ಇನ್ನೊಂದು ಹನಿ ಹಿಡಿಯಲು ಜಾಗವಿರಲಿಲ್ಲ. ಮೇಜಿನ ಕೆಳಗೆ ಐರನ್ನಿನ ವೈರು ರಬ್ಬರ್ ಬ್ಯಾಂಡನ್ನೂ ಬಿಚ್ಚದೆ ಸುರುಳಿ ಸುತ್ತಿ ಮಲಗಿತ್ತು. ವೆಂಡಿ ಅದು ಗ್ಯಾರೆತ್‌ಗೆ ಕಾಣದಂತೆ ಅಡ್ಡವಾಗಿ ನಿಂತು, ತೋರುಬೆರಳನ್ನು ಐರನ್ನಿನ ತುದಿಗೆ ತಾಗಿಸಿದರು. ಫ್ರಿಜ್ಜಿನಿಂದ ತೆಗೆದ ಚಮಚದಂತಿತ್ತು.

“ಅಯ್ಯಯ್ಯೋ!” ಕೈ ಜಾಡಿಸಿದರು. “ಸುಟ್ಟೇ ಹೋಯ್ತಲ್ಲೋ! ಮುಟ್ಟಿ ನೋಡು ಅಂತೀಯಲ್ಲ, ಬುದ್ಧಿ ಇದ್ಯಾ ನಿಂಗೆ? ಹೋಗು, ಹೋಗಿ ಚಿಪ್ಸ್ ತಿನ್ನು. ಇವತ್ತು ನಾನೇ ಕಾಯ್ತೀನಿ.”

“ಸಾರಿ... ನಂಗೇನ್ ಗೊತ್ತು...” ಎನ್ನುತ್ತಲೇ ಗ್ಯಾರೆತ್ ಕೋಟಿನ ಇನ್ನೊಂದು ತೋಳನ್ನು ಹುಡುಕಿಕೊಂಡು ಮಾಯವಾದ. ಬಾಗಿಲು ಬಡಿದುಕೊಂಡಿತು.

ಸಿರಿಲ್‌ರ ಕಿವಿ ಕೆಂಪಾಗಿತ್ತು. “ವೆಂಡಿ, ಅದು...”

“ಬೆರಳು ಸುಟ್ರೆ ನಿಯಮ ಏನು?”

“ಇಪ್ಪತ್ತು ನಿಮಿಷ ನಲ್ಲಿ ಕೆಳಗೆ ಹಿಡೀಬೇಕು. ತಣ್ಣೀರು.”

“ಮತ್ತೆ? ನಾನೊಬ್ಳೇ ನಿಂತ್ಕೊಳ್ಳಲಾ?”

ಇಬ್ಬರೂ ಸಿಂಕಿನ ಮುಂದೆ ನಿಂತರು. ಸಿರಿಲ್ ಎರಡೂ ಕೈಯಲ್ಲಿ ವೆಂಡಿಯ ಮಣಿಕಟ್ಟು ಹಿಡಿದಿದ್ದರು, ಒಡೆದೀತೇನೋ ಎಂಬಂತೆ. ಫೆಬ್ರವರಿಯ ನೀರು. ಐದನೇ ನಿಮಿಷಕ್ಕೆ ಆ ಬೆರಳು ಮರಗಟ್ಟಿ ನೀಲಿಯಾಯಿತು. ಇನ್ನೂ ಹದಿನೈದು ನಿಮಿಷ ಬಾಕಿ ಇತ್ತು. ಇಬ್ಬರಲ್ಲಿ ಒಬ್ಬರೂ ನಲ್ಲಿ ನಿಲ್ಲಿಸಲಿಲ್ಲ.